ಚೆಂಡು ಅವರ ಕಾಲಲ್ಲಿ, ಕಪ್ ಇವರ ಕೈಯಲ್ಲಿ: ಕ್ರಿಸ್ಟಲ್ ಪ್ಯಾಲೇಸ್‌ನ ಮೊದಲ ಕಪ್ – ಒಂದು ಪ್ರಕರಣ ಅಧ್ಯಯನ

2025ರ ಮೇ 17, ಶನಿವಾರ ರಾತ್ರಿ. ಬೆಳಗಾವಿಯ ಟಿಳಕವಾಡಿಯಲ್ಲಿರುವ ನಮ್ಮ ಮನೆಯ ಪಡಸಾಲೆಯಲ್ಲಿ ಒಂಬತ್ತು ಹುಡುಗರು ಚಾಪೆ ಹಾಸಿಕೊಂಡು ಕೂತಿದ್ದರು. ಎಲ್ಲರೂ ನನ್ನ ಹತ್ತಿರ ಸಂಜೆ ಫುಟ್ಬಾಲ್ ಕಲಿಯುವವರು, ಹದಿನಾಲ್ಕು ಹದಿನೈದರ ವಯಸ್ಸು. ಆದರೆ ಆವತ್ತು ಬಂದದ್ದು ಫುಟ್ಬಾಲಿಗಲ್ಲ, ಆರ್‌ಸಿಬಿ ಮ್ಯಾಚ್ ನೋಡಲು. ನಿಂತುಹೋಗಿದ್ದ ಐಪಿಎಲ್ ಆ ದಿನ ಮತ್ತೆ ಶುರುವಾಗಬೇಕಿತ್ತು. ಕೊಹ್ಲಿ ಟೆಸ್ಟ್ ಕ್ರಿಕೆಟ್ ಬಿಟ್ಟ ವಾರ ಅದು. ಚಿನ್ನಸ್ವಾಮಿಗೆ ಜನ ಬಿಳಿ ಅಂಗಿ ತೊಟ್ಟು ಬಂದಿದ್ದರು. ಬೆಂಗಳೂರಿನ ಮಳೆ ಬಿಡಲೇ ಇಲ್ಲ. ಟಾಸ್ ಕೂಡ ಆಗಲಿಲ್ಲ.

ಒಂಬತ್ತು ಗಂಟೆ ಹೊತ್ತಿಗೆ ನಮ್ಮ ಗೋಲ್‌ಕೀಪರ್ ಹುಡುಗ ಎದ್ದು ಬಂದ. "ಸರ್, ಲಂಡನ್ನಾಗ ಎಫ್‌ಎ ಕಪ್ ಫೈನಲ್ ಐತ್ರಿ. ಅದನ್ನರ ಹಚ್ರಿ" ಎಂದ. ಎಫ್‌ಎ ಕಪ್ ಅಂದರೆ ಇಂಗ್ಲೆಂಡಿನ ಕ್ಲಬ್‌ಗಳ ನಾಕೌಟ್ ಟೂರ್ನಿ. ಮೊಬೈಲನ್ನು ಶೇಂಗಾದ ಸ್ಟೀಲ್ ಡಬ್ಬಿಗೆ ಒರಗಿಸಿ ಇಟ್ಟೆವು. ಒಂಬತ್ತು ತಲೆ ಆ ಸಣ್ಣ ಪರದೆಯ ಸುತ್ತ ಬಗ್ಗಿದವು. ಒಂದು ಕಡೆ ಮ್ಯಾಂಚೆಸ್ಟರ್ ಸಿಟಿ. ಇನ್ನೊಂದು ಕಡೆ ಕ್ರಿಸ್ಟಲ್ ಪ್ಯಾಲೇಸ್. ಹುಡುಗರಿಗೆ ಸಿಟಿಯ ಎಲ್ಲ ಆಟಗಾರರ ಹೆಸರೂ ಬಾಯಿಪಾಠ. ಪ್ಯಾಲೇಸ್‌ನಲ್ಲಿ ಒಬ್ಬಿಬ್ಬರು ಗೊತ್ತಿದ್ದರೆ ಹೆಚ್ಚು.

ಆ ರಾತ್ರಿ ಪ್ಯಾಲೇಸ್ 1-0 ಗೆದ್ದಿತು. ಹೇಗೆ ಗೆದ್ದಿತು ಅನ್ನೋದು ನನಗೆ ಸುಮ್ನೆ ಕುತೂಹಲದ ವಿಷಯವಾಗಿ ಉಳಿಯಲಿಲ್ಲ. ಅದಕ್ಕೊಂದು ಕಾರಣವಿದೆ.

ನಾವು ಮೂರು ಫೈನಲ್ ಸೋತವರು

ಬೆಳಗಾವಿ ಫುಟ್ಬಾಲ್ ಗೊತ್ತಿಲ್ಲದ ಊರಲ್ಲ. ಒಂದು ದಿಕ್ಕಿಗೆ ಗೋವಾ, ಇನ್ನೊಂದು ದಿಕ್ಕಿಗೆ ಕೊಲ್ಲಾಪುರ. ಎರಡೂ ಕಡೆ ಫುಟ್ಬಾಲ್ ಅಂದರೆ ಜೀವ ಬಿಡುವ ಜನ. ನಡುವೆ ನಾವಿದ್ದೇವೆ. ಕ್ಯಾಂಪ್ ಕಡೆ ಹೋದರೆ ಇಂದಿಗೂ ಸಂಜೆ ಹೊತ್ತು ಬ್ಯಾಟಿಗಿಂತ ಚೆಂಡು ಒದೆಯುವ ಮಕ್ಕಳು ಸಿಗುತ್ತಾರೆ. ಆದರೆ ನನ್ನ ಹುಡುಗರ ತಂಡ ಸಣ್ಣದು. ಬೂಟು ಎಲ್ಲರಿಗೂ ಇಲ್ಲ. ಒಂದು ಜೊತೆ ಗ್ಲೌಸನ್ನು ಇಬ್ಬರು ಕೀಪರ್‌ಗಳು ಹಂಚಿಕೊಳ್ಳುತ್ತಾರೆ.

ಈ ತಂಡ ಎರಡು ವರ್ಷದಲ್ಲಿ ಮೂರು ಸಲ ಊರ ಟೂರ್ನಿಗಳ ಫೈನಲ್ ತಲುಪಿ ಮೂರು ಸಲವೂ ಸೋತಿತು. ಕೊನೆಯದು 4-0. ಎದುರಿಗಿದ್ದದ್ದು ಚೆನ್ನಾಗಿ ತರಬೇತಿ ಪಡೆದ ತಂಡ. ಪಾಸ್ ಮೇಲೆ ಪಾಸ್. ನಮ್ಮ ಹುಡುಗರು ಚೆಂಡು ಹೋದಲ್ಲೆಲ್ಲ ಗುಂಪಾಗಿ ಓಡಿದರು. ಅರ್ಧ ಗಂಟೆಗೇ ಉಸಿರು ಮೇಲೆ ಕೆಳಗೆ. ಆಟ ಮುಗಿದ ಮೇಲೆ ನಮ್ಮ ಡಿಫೆನ್ಸ್‌ನ ನಡುವೆ ಆಡುವ ಸ್ಟಾಪರ್ ಬ್ಯಾಕ್ ಹುಡುಗ ಬೂಟಿನ ದಾರ ಬಿಚ್ಚುತ್ತ, ತಲೆ ಎತ್ತದೆ ಹೇಳಿದ: "ನಮಗ ಬಾಲ್ ಸಿಗಲೇ ಇಲ್ರಿ ಸರ್."

ಆ ಮಾತಿಗೆ ನನ್ನ ಹತ್ತಿರ ಉತ್ತರ ಇರಲಿಲ್ಲ. ಚೆಂಡು ಸಿಗದಿದ್ದರೆ ಏನು ಮಾಡಬೇಕು ಅಂತ ನಾನು ಅವರಿಗೆ ಕಲಿಸಿಯೇ ಇರಲಿಲ್ಲ. ಡ್ರಿಬ್ಲಿಂಗ್ ಕಲಿಸಿದ್ದೆ, ಪಾಸ್ ಕಲಿಸಿದ್ದೆ, ಶಾಟ್ ಕಲಿಸಿದ್ದೆ. ಎಲ್ಲವೂ ಚೆಂಡು ಕಾಲಲ್ಲಿ ಇದ್ದಾಗಿನ ಪಾಠ.

ಪ್ಯಾಲೇಸ್‌ನ ಫೈನಲ್ ಅನ್ನು ಒಂದು ಪ್ರಕರಣದ ಹಾಗೆ ಬಿಡಿಸಿ ನೋಡಲು ಹೊರಟದ್ದು ಇದಕ್ಕೇ. ನನ್ನ ಪ್ರಶ್ನೆ ಒಂದೇ. ತೊಂಬತ್ತು ನಿಮಿಷದಲ್ಲಿ ಮುಕ್ಕಾಲು ಪಾಲಿಗಿಂತ ಜಾಸ್ತಿ ಹೊತ್ತು ಚೆಂಡು ಎದುರಾಳಿಯ ಹತ್ತಿರವೇ ಇರುವಾಗ, ಗೆಲ್ಲುವ ತಂಡ ಅಷ್ಟೂ ಹೊತ್ತು ಏನು ಮಾಡುತ್ತಿರುತ್ತದೆ?

ಅವರ ಹಿಂದಿನ ಕಥೆ

ಕ್ರಿಸ್ಟಲ್ ಪ್ಯಾಲೇಸ್ ದಕ್ಷಿಣ ಲಂಡನ್‌ನ ತಂಡ. ಸೆಲ್‌ಹರ್ಸ್ಟ್ ಪಾರ್ಕ್ ಅವರ ಮೈದಾನ. ಶುರುವಾದದ್ದು 1905ರಲ್ಲಿ. ಅಲ್ಲಿಂದ 120 ವರ್ಷ ದೊಡ್ಡ ಕಪ್ ಒಂದೂ ಇಲ್ಲ.

ಎಫ್‌ಎ ಕಪ್ ಫೈನಲ್‌ಗೆ ಬಂದಿರಲಿಲ್ಲ ಅಂತಲ್ಲ. 1990ರಲ್ಲಿ ಮ್ಯಾಂಚೆಸ್ಟರ್ ಯುನೈಟೆಡ್ ಜೊತೆ 3-3 ಆಗಿ, ಮರುಪಂದ್ಯದಲ್ಲಿ 1-0 ಸೋತರು. 2016ರದ್ದು ಇನ್ನೂ ನೋವಿನದು. ಮತ್ತೆ ಅದೇ ಯುನೈಟೆಡ್. 78ನೇ ನಿಮಿಷಕ್ಕೆ ಜೇಸನ್ ಪಂಚನ್ ಗೋಲು ಹೊಡೆದರು. ಇನ್ನು ಹನ್ನೆರಡು ನಿಮಿಷ ತಡೆದರೆ ಕಪ್ ಅವರದ್ದೇ. ಮೂರೇ ನಿಮಿಷದಲ್ಲಿ ಹುವಾನ್ ಮಾಟ ಸಮ ಮಾಡಿದರು. ಹೆಚ್ಚುವರಿ ಸಮಯದಲ್ಲಿ ಯುನೈಟೆಡ್‌ನ ಒಬ್ಬ ಆಟಗಾರನಿಗೆ ಕೆಂಪು ಕಾರ್ಡ್ ಬಿತ್ತು. ಆಮೇಲೂ ಹತ್ತು ಜನರ ಆ ತಂಡದಿಂದ ಜೆಸ್ಸಿ ಲಿಂಗಾರ್ಡ್ ಗೋಲು ಹೊಡೆದು ಗೆದ್ದುಕೊಂಡು ಹೋದರು. ಕೈಗೆ ಬಂದ ತುತ್ತು ಬಾಯಿಗೆ ಬರಲಿಲ್ಲ ಅನ್ನೋದು ಇದಕ್ಕೇ ಅಲ್ವಾ?

ನಡುವೆ 2010ರಲ್ಲಿ ಕ್ಲಬ್ಬಿನ ಹಣಕಾಸು ಪೂರ್ತಿ ಕುಸಿದು ಬಾಗಿಲು ಹಾಕುವ ಹಂತಕ್ಕೆ ಬಂದಿತ್ತು. ಪ್ಯಾಲೇಸ್ ಅಭಿಮಾನಿಗಳೇ ಆಗಿದ್ದ ಕೆಲವು ಉದ್ಯಮಿಗಳು ಸೇರಿ ಕೊಂಡುಕೊಂಡರು, ಕ್ಲಬ್ ಉಳಿಯಿತು.

2024ರ ಫೆಬ್ರುವರಿಯಲ್ಲಿ ಆಸ್ಟ್ರಿಯಾದ ಆಲಿವರ್ ಗ್ಲಾಸ್ನರ್ ಕೋಚ್ ಆಗಿ ಬಂದರು. 2022ರಲ್ಲಿ ಜರ್ಮನಿಯ ಐನ್‌ಟ್ರಾಕ್ಟ್ ಫ್ರಾಂಕ್‌ಫರ್ಟ್ ತಂಡಕ್ಕೆ ಯುರೋಪಿನ ಕ್ಲಬ್‌ಗಳ ಟೂರ್ನಿಯಾದ ಯುರೋಪಾ ಲೀಗ್ ಗೆಲ್ಲಿಸಿಕೊಟ್ಟವರು ಇವರು. ಆದರೂ ಕಪ್ ಗೆದ್ದ ಸೀಸನ್ ಶುರುವಾದ ರೀತಿ ನೋಡಿ: ಪ್ರೀಮಿಯರ್ ಲೀಗ್‌ನ ಮೊದಲ ಎಂಟು ಪಂದ್ಯಗಳಲ್ಲಿ ಒಂದೂ ಗೆಲುವಿಲ್ಲ. ಕೋಚ್‌ನನ್ನೂ ಬದಲಿಸಲಿಲ್ಲ, ಆಟದ ಕ್ರಮವನ್ನೂ ಬಿಡಲಿಲ್ಲ. ಹಿಂದೆ ನಡುವೆ ಕಾಯುವ ಮೂವರು ಸೆಂಟರ್ ಬ್ಯಾಕ್, ಎರಡು ಬದಿಗೆ ಗೆರೆ ಹಿಡಿದು ಹಿಂದೆ ಮುಂದೆ ಓಡುವ ಇಬ್ಬರು ವಿಂಗ್ ಬ್ಯಾಕ್. ಆ ಹಠ ನನಗೆ ಬಹಳ ಹಿಡಿಸಿದ ವಿಷಯ.

ಏಪ್ರಿಲ್ 12ರ ಪೆಟ್ಟು

ಫೈನಲ್‌ಗೆ ಬರೀ ಐದು ವಾರ ಮೊದಲು, ಲೀಗ್ ಪಂದ್ಯದಲ್ಲಿ ಇದೇ ಸಿಟಿಯ ಎದುರು ಪ್ಯಾಲೇಸ್ ಆಡಿತ್ತು. ಬೇಗನೇ 2-0 ಮುಂದೆ ಹೋದರು. ಮೊದಲರ್ಧ ಮುಗಿಯುವಷ್ಟರಲ್ಲಿ 2-2. ಕೊನೆಗೆ 5-2 ಸೋಲು. ನಾಲ್ಕು ದಿನ ಬಿಟ್ಟು ನ್ಯೂಕ್ಯಾಸಲ್ ಹತ್ತಿರ 5-0 ತಿಂದರು.

ಈ ಪ್ರಕರಣದ ಗಂಟು ಇಲ್ಲಿದೆ ಅಂತ ನನಗನ್ನಿಸುತ್ತದೆ. ಒಂದು ವಾರದೊಳಗೆ ಹತ್ತು ಗೋಲು ಬಿಟ್ಟುಕೊಟ್ಟ ತಂಡ, ಏಪ್ರಿಲ್ 26ರಂದು ವೆಂಬ್ಲಿಯಲ್ಲಿ ಸೆಮಿಫೈನಲ್‌ಗೆ ಇಳಿದು ಆಸ್ಟನ್ ವಿಲ್ಲಾವನ್ನು 3-0 ಸೋಲಿಸಿತು. ಆಮೇಲೆ ಫೈನಲ್‌ನಲ್ಲಿ ಸಿಟಿಗೆ ಒಂದೂ ಗೋಲು ಬಿಡಲಿಲ್ಲ. ಆಟಗಾರರು ಅವರೇ. ಕೋಚ್ ಅವರೇ. ಎದುರಾಳಿಯೂ ಅದೇ.

ಏಪ್ರಿಲ್‌ನಲ್ಲಿ 2-0 ಆದ ಮೇಲೂ ಆಟ ತೆರೆದೇ ಇತ್ತು. ಚೆಂಡು ಸಿಕ್ಕಾಗ ಇವರು ಮುಂದೆ ನುಗ್ಗಿದರು, ತಪ್ಪಿದಾಗ ಹಿಂದೆ ಜಾಗ ಖಾಲಿ. ಸಿಟಿಯ ಕೆವಿನ್ ಡಿ ಬ್ರೂಯ್ನ ಅಂಥವರಿಗೆ ನಡುವೆ ಹತ್ತು ಹೆಜ್ಜೆ ಜಾಗ ಸಿಕ್ಕರೆ ಕಥೆ ಮುಗಿದ ಹಾಗೆ. ಮೇ 17ರಂದು ಆ ಹತ್ತು ಹೆಜ್ಜೆ ಸಿಗಲಿಲ್ಲ.

ಆ ತೊಂಬತ್ತು ನಿಮಿಷ, ಮೇಲೆ ಹತ್ತು

ವೆಂಬ್ಲಿಯಲ್ಲಿ 84 ಸಾವಿರಕ್ಕೂ ಹೆಚ್ಚು ಜನ. ಮೊದಲ ಹದಿನೈದು ನಿಮಿಷ ಪೂರ್ತಿ ಸಿಟಿಯದ್ದೇ. ಅವರ ಸ್ಟ್ರೈಕರ್ ಅರ್ಲಿಂಗ್ ಹಾಲಂಡ್‌ಗೆ ಹತ್ತಿರದಿಂದಲೇ ಒಂದು ಅವಕಾಶ ಸಿಕ್ಕಿತು, ಪ್ಯಾಲೇಸ್ ಕೀಪರ್ ಡೀನ್ ಹೆಂಡರ್ಸನ್ ತಡೆದರು. ಆಮೇಲೆ ಯೊಷ್ಕೊ ಗ್ವಾರ್ಡಿಯೋಲ್ ಅವರ ಹೆಡ್ಡರ್, ಅದನ್ನೂ ತಡೆದರು. ನಮ್ಮ ಹುಡುಗರು ಸಿಟಿ ಎಷ್ಟು ಗೋಲು ಹೊಡೆಯುತ್ತದೆ ಅಂತ ಬಾಜಿ ಕಟ್ಟಲು ಶುರು ಮಾಡಿದ್ದರು.

16ನೇ ನಿಮಿಷ. ಪ್ಯಾಲೇಸ್‌ಗೆ ಸಿಕ್ಕ ಮೊದಲ ಸರಿಯಾದ ದಾಳಿ. ಮುಂದಿದ್ದ ಒಬ್ಬನೇ ಸ್ಟ್ರೈಕರ್ ಜಾನ್-ಫಿಲಿಪ್ ಮಟೆಟಾ ಬೆನ್ನ ಮೇಲೆ ಡಿಫೆಂಡರ್‌ನನ್ನು ಹೊತ್ತುಕೊಂಡೇ ಚೆಂಡು ಹಿಡಿದು ನಿಲ್ಲಿಸಿದರು. ಚೆಂಡು ಬಲಗಡೆ ಹೋಯಿತು. ವಿಂಗ್ ಬ್ಯಾಕ್ ಡ್ಯಾನಿಯಲ್ ಮುನ್ಯೋಸ್ ಗೆರೆ ಹಿಡಿದು ಓಡಿ ಕ್ರಾಸ್ ಹಾಕಿದರು. ಎಬೆರೆಚಿ ಎಜೆ ಚೆಂಡನ್ನು ನಿಲ್ಲಿಸಲೂ ಹೋಗಲಿಲ್ಲ. ಬಂದ ಹಾಗೆಯೇ ಪಾದದ ಒಳಬದಿಯಿಂದ ತಿರುಗಿಸಿ ಒಳಗೆ ಹಾಕಿದರು. 1-0.

ಹುಡುಗರು ಎಜೆ ಎಜೆ ಅಂತ ಕೂಗಿದರು. ನಾನು ವಿಡಿಯೋವನ್ನು ಹಿಂದಕ್ಕೆ ಎಳೆದು ಮುನ್ಯೋಸ್‌ ಅವರನ್ನು ತೋರಿಸಿದೆ. ಅರ್ಧ ನಿಮಿಷದ ಹಿಂದೆ ಆ ಮನುಷ್ಯ ಎಲ್ಲಿದ್ದರು? ತನ್ನದೇ ಡಿಫೆನ್ಸ್‌ನ ಸಾಲಿನಲ್ಲಿ. ಚೆಂಡು ಮಟೆಟಾ ಹತ್ತಿರ ಹೋಗುತ್ತಿದ್ದಾಗಲೇ ಓಟ ಶುರುವಾಗಿತ್ತು. ಚೆಂಡು ಸಿಗುತ್ತದೆ ಅಂತ ನಂಬಿ ಓಡಿದ ಓಟ ಅದು.

ಸ್ವಲ್ಪ ಹೊತ್ತಿಗೆ ಗಡಿಬಿಡಿಯ ಘಟನೆ. ಹಾಲಂಡ್ ಉದ್ದ ಚೆಂಡಿನ ಹಿಂದೆ ಓಡಿ ಬಂದರು. ಹೆಂಡರ್ಸನ್ ಮುಂದೆ ಬಂದು ಕೈಯಿಂದ ತಳ್ಳಿದರು. ತಳ್ಳಿದ್ದು ಪೆನಾಲ್ಟಿ ಬಾಕ್ಸ್‌ನ ಹೊರಗೆ. ವಿಎಆರ್, ಅಂದರೆ ವಿಡಿಯೋ ನೋಡಿ ತೀರ್ಪು ಪರಿಶೀಲಿಸುವ ರೆಫರಿಗಳು, ನೋಡಿದರು. ಹಾಲಂಡ್ ಗೋಲಿನಿಂದ ಬೇರೆ ದಿಕ್ಕಿಗೆ ಹೋಗುತ್ತಿದ್ದರು, ಹಾಗಾಗಿ ಖಚಿತ ಗೋಲಿನ ಅವಕಾಶ ತಪ್ಪಿಸಿದ ಹಾಗಾಗಲಿಲ್ಲ ಅಂತ ಕೆಂಪು ಕಾರ್ಡ್ ಕೊಡಲಿಲ್ಲ. ಇದನ್ನು ನಾನು ಮುಚ್ಚಿಡುವುದಿಲ್ಲ. ಆ ಗಳಿಗೆಯಲ್ಲಿ ಅದೃಷ್ಟ ಪ್ಯಾಲೇಸ್ ಕಡೆ ಇತ್ತು. ಕೀಪರ್ ಕೆಂಪು ಕಾರ್ಡ್ ತಿಂದು ಹೊರಗೆ ಹೋಗಿದ್ದರೆ ಈ ಬರಹವೇ ಇರುತ್ತಿರಲಿಲ್ಲ.

ಆಮೇಲೆ 36ನೇ ನಿಮಿಷದ ಪೆನಾಲ್ಟಿ. ಪ್ಯಾಲೇಸ್‌ನ ಟೈರಿಕ್ ಮಿಚೆಲ್ ಅವರು ಸಿಟಿಯ ಬರ್ನಾರ್ಡೊ ಸಿಲ್ವ ಅವರನ್ನು ಬೀಳಿಸಿದ್ದರು. ಹಾಲಂಡ್ ಹೊಡೆಯುತ್ತಾರೆ ಅಂತ ಎಲ್ಲರೂ ಕಾದರೆ, ಅವರು ಚೆಂಡನ್ನು ಒಮರ್ ಮರ್ಮೂಶ್ ಕೈಗೆ ಕೊಟ್ಟರು. ನಮ್ಮ ಕೀಪರ್ ಹುಡುಗ ಮೊಬೈಲಿಗೆ ಮೂಗು ತಾಗುವಷ್ಟು ಹತ್ತಿರ ಬಂದಿದ್ದ. ಎರಡೂ ಕೈ ಮೊಣಕಾಲ ಮೇಲೆ, ಬೆರಳು ಅಗಲ ಮಾಡಿ, ತಾನೇ ಗೋಲಿನಲ್ಲಿ ನಿಂತವನ ಹಾಗೆ. ಮರ್ಮೂಶ್ ಹೊಡೆದರು. ಹೆಂಡರ್ಸನ್ ಜಿಗಿದು ತಡೆದರು. ಚಾಪೆ ಮೇಲಿದ್ದ ಶೇಂಗಾ ಎಲ್ಲ ಚೆಲ್ಲಿತು. ಅಷ್ಟು ಹೊತ್ತು ಸಿಟಿ ಕಡೆ ಇದ್ದ ಹುಡುಗರು ಆ ಕ್ಷಣದಿಂದ ಪ್ಯಾಲೇಸ್ ಕಡೆಗೆ ವಾಲಿದರು.

ಪಂದ್ಯದ ನಂತರ ಹೆಂಡರ್ಸನ್ ಹೇಳಿದ್ದು: ಮರ್ಮೂಶ್ ಯಾವ ಕಡೆ ಹೊಡೆಯುತ್ತಾರೆ ಅನ್ನೋದು ತನಗೆ ಮೊದಲೇ ಗೊತ್ತಿತ್ತು ಅಂತ. ಈ ಮಾತು ನಮ್ಮ ಕೀಪರ್ ಹುಡುಗನ ತಲೆಯಲ್ಲಿ ಗಟ್ಟಿಯಾಗಿ ಕೂತಿತು. ಅದರ ಬಗ್ಗೆ ಆಮೇಲೆ ಹೇಳುತ್ತೇನೆ.

ಎರಡನೇ ಅರ್ಧದಲ್ಲಿ ಮುನ್ಯೋಸ್ ಇನ್ನೊಂದು ಗೋಲು ಹಾಕಿದರು. ಆಫ್‌ಸೈಡ್ ಅಂತ ರದ್ದಾಯಿತು. 2-0 ಅಂತ ಕುಣಿದು ಮತ್ತೆ 1-0ಕ್ಕೆ ಇಳಿಯುವುದು ಎಷ್ಟು ಕಷ್ಟ ಅಂತ ಆಡಿದವರಿಗೇ ಗೊತ್ತು. ಕ್ಯಾಪ್ಟನ್ ಮಾರ್ಕ್ ಗೇಹಿ ಪೆಟ್ಟು ತಿಂದು ಹೊರಗೆ ಹೋದರು. ಮಿಡ್‌ಫೀಲ್ಡ್‌ನ ಜೆಫರ್ಸನ್ ಲೆರ್ಮಾ ಬಂದು ಆ ಜಾಗ ತುಂಬಿದರು, ಸಾಲು ಅಲುಗಲಿಲ್ಲ. ಕೊನೆಯಲ್ಲಿ ಹತ್ತು ನಿಮಿಷ ಹೆಚ್ಚುವರಿ ಅಂತ ಬೋರ್ಡ್ ಎತ್ತಿದಾಗ ನಮ್ಮ ಮನೆಯಲ್ಲಿ ಒಬ್ಬರೂ ಮಾತಾಡಲಿಲ್ಲ.

ಹುಣಸೆ ಬೀಜ ಮತ್ತು ಶೇಂಗಾ

ಮರುದಿನ ಭಾನುವಾರ ಬೆಳಿಗ್ಗೆ ಹುಡುಗರು ತಾವಾಗಿಯೇ ಬಂದರು. ಪಡಸಾಲೆಯ ನೆಲದ ಮೇಲೆ ಸೀಮೆಸುಣ್ಣದಲ್ಲಿ ಮೈದಾನ ಗೀಚಿದೆ. ಪ್ಯಾಲೇಸ್‌ಗೆ ಹತ್ತು ಹುಣಸೆ ಬೀಜ. ಸಿಟಿಗೆ ಹತ್ತು ಶೇಂಗಾ. ಕೀಪರ್ ಅಂತ ಎರಡೂ ಕಡೆ ಒಂದೊಂದು ಬೆಲ್ಲದ ಚೂರು.

ಮೊದಲು ಹುಣಸೆ ಬೀಜಗಳನ್ನು ಸಾಲಾಗಿ ಇಟ್ಟೆ. ಹಿಂದೆ ಐದು: ನಡುವೆ ಗೇಹಿ, ಲಕ್ರ್ವಾ, ರಿಚರ್ಡ್ಸ್, ಎರಡು ತುದಿಗೆ ಮುನ್ಯೋಸ್, ಮಿಚೆಲ್. ಅವರ ಮುಂದೆ ನಾಲ್ಕು: ನಡುವೆ ವಾರ್ಟನ್, ಕಮಾಡ, ಬದಿಗೆ ಸಾರ್, ಎಜೆ. ಎಲ್ಲರಿಗಿಂತ ಮುಂದೆ ಮಟೆಟಾ ಒಬ್ಬರೇ. ಐದರ ಸಾಲಿಗೂ ನಾಲ್ಕರ ಸಾಲಿಗೂ ನಡುವೆ ನನ್ನ ಒಂದು ಗೇಣಿನಷ್ಟು ಜಾಗ.

"ಈ ಗೇಣು ದೊಡ್ಡದಾಗಬಾರದು. ಇಷ್ಟೇ ಇವರ ಕೆಲಸ" ಎಂದೆ.

ಆಮೇಲೆ ಶೇಂಗಾ ಇಟ್ಟೆ. ಸಿಟಿಯ ಕೋಚ್ ಪೆಪ್ ಗಾರ್ಡಿಯೋಲ ಆ ದಿನ ದಾಳಿಗೆ ಬಹಳ ಜನರನ್ನು ಇಳಿಸಿದ್ದರು. ಬದಿಯಲ್ಲಿ ಡೋಕು ಮತ್ತು ಸವಿನ್ಯೊ, ಮುಂದೆ ಹಾಲಂಡ್ ಮತ್ತು ಮರ್ಮೂಶ್, ನಡುವೆ ಸಿಲ್ವ ಮತ್ತು ಡಿ ಬ್ರೂಯ್ನ. ಹಿಂದೆ ನಿಂತು ಕಾವಲು ಕಾಯುವ ಮಿಡ್‌ಫೀಲ್ಡರ್ ಒಬ್ಬರೂ ಇಲ್ಲ. ಚೆಂಡು ಕಾಲಲ್ಲಿದ್ದಾಗ ಇದು ಭಾರಿ ಬಲ. ತಪ್ಪಿದ ಕೂಡಲೇ ನಡುವೆ ದೊಡ್ಡ ತೂತು. 16ನೇ ನಿಮಿಷದ ಗೋಲು ಬಂದದ್ದು ಆ ತೂತಿನಿಂದಲೇ.

ಶೇಂಗಾಗಳನ್ನು ನಡುವಿನಿಂದ ತಳ್ಳಲು ಹುಡುಗರಿಗೆ ಹೇಳಿದೆ. ಜಾಗ ಸಿಗಲಿಲ್ಲ. ಬದಿಗೆ ಹೋದರು. ಅಲ್ಲಿ ಜಾಗ ಇದೆ, ಆದರೆ ಒಬ್ಬ ವಿಂಗರ್‌ಗೆ ಇಬ್ಬರು: ಡೋಕು ಎದುರಿಗೆ ಮುನ್ಯೋಸ್, ಸಹಾಯಕ್ಕೆ ಬಲಬದಿಯ ಇನ್ನೊಬ್ಬ. ಕೊನೆಗೆ ಮೇಲಿಂದ ಕ್ರಾಸ್ ಹಾಕಬೇಕು. ಮೇಲಿಂದ ಬಂದರೆ ಮೂವರು ಎತ್ತರದ ಸೆಂಟರ್ ಬ್ಯಾಕ್‌ಗಳು ತಲೆಯಿಂದ ಆಚೆ ಹಾಕುತ್ತಾರೆ.

ನಮ್ಮ ಸ್ಟಾಪರ್ ಹುಡುಗ ತುಂಬಾ ಹೊತ್ತು ಬೀಜಗಳನ್ನೇ ನೋಡುತ್ತಿದ್ದ. ಆಮೇಲೆ ಕೇಳಿದ: "ಸರ್, ಅಂದ್ರ ಸಿಟಿ ಎಲ್ಲಿ ಹೋಗಬೇಕು ಅನ್ನೋದನ್ನ ಪ್ಯಾಲೇಸ್‌ನವರ ಹೇಳಿದ್ರೇನ್ರಿ?"

ನಾನು ಹುಡುಕುತ್ತಿದ್ದ ಉತ್ತರ ಅದೇ. ಚೆಂಡು ಸಿಟಿಯ ಕಾಲಲ್ಲಿತ್ತು, ಅದು ಎಲ್ಲಿಗೆ ಹೋಗಬೇಕು ಅಂತ ತೀರ್ಮಾನ ಮಾಡುತ್ತಿದ್ದವರು ಪ್ಯಾಲೇಸ್. ಅವರು ಚೆಂಡಿಗಾಗಿ ಓಡಲಿಲ್ಲ, ಜಾಗಕ್ಕಾಗಿ ಓಡಿದರು. ನಮ್ಮ 4-0 ಫೈನಲ್‌ನಲ್ಲಿ ಹುಡುಗರು ಇವರಿಗಿಂತ ಜಾಸ್ತಿಯೇ ಓಡಿರಬಹುದು. ಓಡಿದ್ದು ಚೆಂಡಿನ ಹಿಂದೆ.

ಇದಕ್ಕೆ ಬರೀ ಡಿಫೆನ್ಸ್ ಆಟ ಅಂತ ಮೂಗು ಮುರಿಯುವವರಿದ್ದಾರೆ. ನಾನು ಒಪ್ಪುವುದಿಲ್ಲ. ಎಜೆ ಅಂಥ ಚೆಲುವಿನ ಆಟಗಾರ, ಹದಿಮೂರನೇ ವಯಸ್ಸಿಗೆ ಆರ್ಸೆನಲ್ ಅಕಾಡೆಮಿಯಿಂದ ಹೊರಬಿದ್ದು ಕಷ್ಟಪಟ್ಟು ಮೇಲೆ ಬಂದವರು. ಅಂಥವರು ಫೈನಲ್ ದಿನ ತನ್ನ ವಿಂಗ್ ಬ್ಯಾಕ್‌ಗೆ ಸಹಾಯ ಮಾಡಲು ಮತ್ತೆ ಮತ್ತೆ ಹಿಂದೆ ಓಡಿ ಬರುವುದರಲ್ಲಿ ನನಗೆ ಗೋಲಿನಷ್ಟೇ ಚೆಂದ ಕಾಣುತ್ತದೆ.

ಕಪ್ ಎತ್ತಿದ ನಾಲ್ಕು ಕೈ

ಒಂದು ದೃಶ್ಯ ಇಲ್ಲಿ ಹೇಳಲೇಬೇಕು. ಕಪ್ ಎತ್ತುವಾಗ ಗೇಹಿ ಒಬ್ಬರೇ ಎತ್ತಲಿಲ್ಲ. ಜೊತೆಗೆ ಜೋಯಲ್ ವಾರ್ಡ್ ಇದ್ದರು. 2012ರಲ್ಲಿ ಪ್ಯಾಲೇಸ್‌ಗೆ ಬಂದವರು, 2016ರ ಆ ಸೋತ ಫೈನಲ್ ಆಡಿದವರು. ಈ ಫೈನಲ್‌ನಲ್ಲಿ ಅವರು ಒಂದು ನಿಮಿಷವೂ ಆಡಲಿಲ್ಲ. ಆ ಬೇಸಿಗೆಗೆ ಕ್ಲಬ್ ಬಿಡುವವರಿದ್ದರು. ನಾಲ್ಕು ಕೈ ಸೇರಿ ಕಪ್ ಮೇಲೆ ಹೋಯಿತು. ನಮ್ಮ ತಂಡದಲ್ಲಿ ಸದಾ ಬೆಂಚಿನಲ್ಲಿ ಕೂರುವ ಹುಡುಗನೊಬ್ಬ "ಅವರು ಆಡಿಲ್ಲಲ್ರಿ?" ಅಂತ ಎರಡು ಸಲ ಕೇಳಿದ. ಎರಡು ಸಲವೂ ಹೌದು ಅಂದೆ.

ಅಂದಹಾಗೆ ಆಗಸ್ಟ್‌ನಲ್ಲಿ ಪ್ಯಾಲೇಸ್, ಸೀಸನ್ ಶುರುವಿನ ಕಮ್ಯೂನಿಟಿ ಶೀಲ್ಡ್ ಪಂದ್ಯದಲ್ಲಿ ಲಿವರ್‌ಪೂಲ್ ಜೊತೆ 2-2 ಆಗಿ ಪೆನಾಲ್ಟಿಯಲ್ಲಿ ಗೆದ್ದಿತು. ಕಪ್ ಗೆದ್ದದ್ದಕ್ಕೆ ಸಿಕ್ಕ ಯುರೋಪಾ ಲೀಗ್ ಜಾಗ ಮಾತ್ರ ಮಾಲೀಕತ್ವದ ನಿಯಮದಿಂದ ತಪ್ಪಿ, ಅದಕ್ಕಿಂತ ಕೆಳಗಿನ ಕಾನ್ಫರೆನ್ಸ್ ಲೀಗ್‌ಗೆ ಇಳಿಸಿದರು. ಮೈದಾನದಲ್ಲಿ ಗಳಿಸಿದ್ದು ಕಾಗದದ ಮೇಲೆ ಕಳೆಯುವುದು ಸರಿಯಲ್ಲ ಅಂತ ನನ್ನ ಅಭಿಪ್ರಾಯ.

ನಮ್ಮ ಮೈದಾನದಲ್ಲಿ

ಜೂನ್‌ನಿಂದ ನಾನು ಅಭ್ಯಾಸ ಬದಲಿಸಿದೆ. ವಾರಕ್ಕೆ ಎರಡು ದಿನ, ಹನ್ನೆರಡು ನಿಮಿಷ, ಒಂದು ತಂಡಕ್ಕೆ ಚೆಂಡು ಮುಟ್ಟುವ ಹಾಗಿಲ್ಲ. ಸಾಲು ಕಾಯಬೇಕು ಅಷ್ಟೇ. ಮೊದಲೆರಡು ವಾರ ಹುಡುಗರಿಗೆ ಬೇಸರವೋ ಬೇಸರ. ಆಮೇಲೆ ತಾವೇ ಕೂಗಿ ಒಬ್ಬರನ್ನೊಬ್ಬರು ಎಳೆಯಲು ಶುರು ಮಾಡಿದರು: "ಏ, ಗೇಣು ಬಿಟ್ಟಿ ನೋಡು! ಒಳಗ ಬಾ!" ಗೇಣು ಅನ್ನೋದು ಈಗ ನಮ್ಮ ತಂಡದ ಪಾರಿಭಾಷಿಕ ಪದವೇ ಆಗಿಬಿಟ್ಟಿದೆ. ದಾರಿಯಲ್ಲಿ ಹೋಗುವವರಿಗೆ ಏನೂ ಅರ್ಥವಾಗುವುದಿಲ್ಲ.

ಮಳೆಗಾಲ ಕಳೆದ ಮೇಲೆ ನಮ್ಮನ್ನು 4-0 ಹೊಡೆದಿದ್ದ ಅದೇ ತಂಡದ ಜೊತೆ ಒಂದು ಸ್ನೇಹದ ಪಂದ್ಯ ಆಡಿದೆವು. 1-1 ಆಯಿತು. ಚೆಂಡು ಬಹುಪಾಲು ಅವರ ಹತ್ತಿರವೇ ಇತ್ತು. ಸ್ಟಾಪರ್ ಹುಡುಗ ಈ ಸಲ ಅದರ ಮಾತೇ ಎತ್ತಲಿಲ್ಲ. ಅವರ ಗೋಲು ಯಾವ ಸಂದಿಯಿಂದ ಬಂತು, ಅಲ್ಲಿ ಯಾರು ಇರಬೇಕಿತ್ತು ಅಂತ ಮಣ್ಣಿನಲ್ಲಿ ಕಡ್ಡಿಯಿಂದ ಗೆರೆ ಎಳೆದು ಉಳಿದವರಿಗೆ ತೋರಿಸುತ್ತಿದ್ದ.

ಕೀಪರ್ ಹುಡುಗ ಒಂದು ಹಳೆಯ ಗಣಿತದ ನೋಟ್‌ಬುಕ್ ಇಟ್ಟುಕೊಂಡಿದ್ದಾನೆ. ಊರಿನಲ್ಲಿ ಎಲ್ಲಿ ಮ್ಯಾಚ್ ಇದ್ದರೂ ಸೈಕಲ್ ಮೇಲೆ ಹೋಗಿ ಗೋಲಿನ ಹಿಂದೆ ನಿಲ್ಲುತ್ತಾನೆ. ಪೆನಾಲ್ಟಿ ಹೊಡೆಯುವ ಹುಡುಗರ ಹೆಸರು, ಪಕ್ಕದಲ್ಲಿ ಎಡ ಅಥವಾ ಬಲ ಅಂತ ಬರೆದುಕೊಳ್ಳುತ್ತಾನೆ. ಮೊನ್ನೆ ತೋರಿಸಿದ. ಕೊನೆಯ ಪುಟದಲ್ಲಿ ಹನ್ನೊಂದು ಹೆಸರುಗಳಿದ್ದವು. ಮೂರು ಹೆಸರುಗಳ ಮುಂದೆ ಮಾತ್ರ ಪ್ರಶ್ನೆ ಗುರುತು ಹಾಕಿದ್ದ.